ಕಾಫಿ ಬಂದಾಗ ಆಮೆನ್

ಅಮ್ಮ ತೀರಿಕೊಂಡ ಮೇಲೆ ಕೋಲಾರದ ನಮ್ಮ ಮನೆಯಲ್ಲಿ ದಿನಾ ಸಂಜೆ ಸಾಂತ್ವನದ ಪ್ರಾರ್ಥನೆ ನಡೆಯಿತು. ಸಾಂತ್ವನ ನನಗೆ, ಕಾಫಿ ಬಂದವರಿಗೆ. ಮೂರನೆಯ ದಿನಕ್ಕೇ ನಾನೊಂದು ನಿಯಮ ಕಂಡುಕೊಂಡೆ: ಅಡುಗೆಮನೆಯಲ್ಲಿ ಲೋಟಗಳ ಸದ್ದಾಗುವವರೆಗೆ ಯಾರೂ ಆಮೆನ್ ಹೇಳುವುದಿಲ್ಲ. ನಾನು ತಡ ಮಾಡಿದರೆ ಪ್ರಾರ್ಥನೆ ನಮ್ಮ ಮನೆ ದಾಟಿ, ಮಾಲೂರು, ಶ್ರೀನಿವಾಸಪುರ ಸುತ್ತಿ, ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರ ಮಗಳಿಗೆ ಬರಬೇಕಾದ ಸಂಬಂಧಕ್ಕೆ ಹೋಗಿ ನಿಲ್ಲುತ್ತಿತ್ತು. ಹುಡುಗ ಎಷ್ಟು ಎತ್ತರ ಇರಬೇಕೆಂಬುದನ್ನೂ ಅವರು ದೇವರಿಗೆ ತಿಳಿಸಿದ್ದರು.

"ಅಳಬಾರದಮ್ಮ. ವಿಶ್ವಾಸಿಗಳು ಅಳಬಾರದು," ಎನ್ನುತ್ತಿದ್ದರು ಹಿರಿಯರು. ನಾನು ಅತ್ತೇ ಇರಲಿಲ್ಲ. ಅದನ್ನು ದೊಡ್ಡ ವಿಶ್ವಾಸವೆಂದು ತಿಳಿದು, ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುವವರ ಪಟ್ಟಿಗೆ ನನ್ನ ಹೆಸರು ಸೇರಿಸಿಕೊಂಡರು. ದೇವರು ನನ್ನನ್ನು ಹೇಗೆ ಸಂತೈಸಿದ ಎಂದು ಐದು ನಿಮಿಷ ಮಾತಾಡಬೇಕು. ಮಣ್ಣು ಮಾಡಿ ಬಂದಾಗಿನಿಂದ ನನಗೆ ಪ್ರಾರ್ಥಿಸಲಿಕ್ಕೇ ಆಗುತ್ತಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಕಡೆ ಯಾರೂ ಇಲ್ಲ ಅನ್ನಿಸುತ್ತಿತ್ತು. ಯಾರೂ ಇಲ್ಲದಿದ್ದರೆ ಅಮ್ಮನೂ ಎಲ್ಲಿಯೂ ಇಲ್ಲ.

ಅಮ್ಮ ಪ್ರಾರ್ಥಿಸುತ್ತಿದ್ದದ್ದು ಒಲೆಯ ಮುಂದೆ. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಜಗಳ. "ಏಮಯ್ಯಾ ದೇವುಡಾ, ಗ್ಯಾಸ್ ಇವತ್ತೇ ಮುಗೀಬೇಕಿತ್ತಾ?" ಎಂ.ಎ. ಓದುತ್ತಿದ್ದ ನಾನು ತಿದ್ದುತ್ತಿದ್ದೆ: "ದೇವರ ಹತ್ರ ಹೀಗಾ ಮಾತಾಡೋದು?"

"ಮರ್ಯಾದೆ ಕೊಡೋಕೆ ಅವನೇನು ಹೊರಗಿನವನೇನೇ?"

ಶನಿವಾರ ಸಂಜೆ ಕಾಫಿಗಿಟ್ಟ ಹಾಲು ಒಡೆಯಿತು. ಹಜಾರದಲ್ಲಿ ಪ್ರಾರ್ಥನೆ ಹುಡುಗನ ಮೈಬಣ್ಣದವರೆಗೆ ಬಂದಿತ್ತು. ನಾನು ಪಾತ್ರೆಯನ್ನೇ ನೋಡುತ್ತ ನಿಂತೆ. ಆಮೇಲೆ ನನ್ನ ಬಾಯಿಂದ ಅಮ್ಮನ ಮಾತು, ಅಮ್ಮನಷ್ಟೇ ಜೋರಾಗಿ ಬಂತು.

"ಏಮಯ್ಯಾ ದೇವುಡಾ, ಹಾಲನ್ನಾದ್ರೂ ಬಿಡಬಾರದಿತ್ತಾ? ಊರಲ್ಲಿ ಅಷ್ಟೊಂದು ಮನೆ ಇದಾವೆ, ನಮ್ಮಮ್ಮನೇ ಬೇಕಿತ್ತಾ ನಿಂಗೆ?"

ಹಜಾರದಲ್ಲಿ ಯಾರೋ ಗಾಬರಿಯಾಗಿ ಆಮೆನ್ ಅಂದರು. ಆ ವಾರ ಕಾಫಿಗೆ ಮೊದಲೇ ಬಂದ ಒಂದೇ ಆಮೆನ್ ಅದು.

ಮುಳಬಾಗಿಲಿನಿಂದ ಬಂದು ಉಳಿದಿದ್ದ ದೊಡ್ಡಮ್ಮ ಒಳಗೆ ಓಡಿ ಬಂದರು. "ಯಾರನ್ನೇ ಬೈತಿದ್ದೀಯ?"

"ದೇವರನ್ನ."

"ಸದ್ಯ, ಬಾಯಿ ಬಿಟ್ಟೆಯಲ್ಲ! ನಿಮ್ಮಮ್ಮ ಆಗಿದ್ರೆ ಸೌಟು ಎತ್ತಿರೋಳು ಕಣೇ."

ಆಗ ಅಳು ಬಂತು. ದೊಡ್ಡಮ್ಮನ ಸೆರಗಿಗೆ ಮುಖ ಒತ್ತಿ ಅಳುತ್ತಲೇ ಬೈದೆ. ಆ ಕಡೆ ಯಾರೋ ಕೇಳಿಸಿಕೊಳ್ಳುತ್ತಿದ್ದರು, ಎದ್ದು ಹೋಗಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಹಾಲಿಲ್ಲದ ಕಾಫಿಯನ್ನು ಹಿರಿಯರು ತ್ಯಾಗದಂತೆ ಕುಡಿದರು. "ನಾಳೆ ಯಾವ ವಾಕ್ಯದ ಮೇಲೆ ಸಾಕ್ಷಿ ಹೇಳ್ತೀಯಮ್ಮ?"

"ಹಾಲು ಒಡೆದದ್ದರ ಮೇಲೆ, ಅಂಕಲ್."

ಅವರು ಜೇಬಿನಿಂದ ಪಟ್ಟಿ ತೆಗೆದು ನನ್ನ ಹೆಸರು ಹೊಡೆದುಹಾಕಿದರು. ಭಾನುವಾರ ನಾನು ಕೊನೆಯ ಬೆಂಚಿನಲ್ಲಿ ಕೂತು ಉಳಿದದ್ದನ್ನೆಲ್ಲ ಬೈದು ಮುಗಿಸಿದೆ. ಸಭೆಯಲ್ಲವೇ, ಸ್ವಲ್ಪ ಮೆಲ್ಲಗೆ.