ಉಪ್ಪು ಮುಟ್ಟದ ಬಕೆಟ್

ಲಕ್ಕಮ್ಮ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈಯಿಳಿಸಿ, ಒಂದು ಹಿಡಿ ಬಿಯರ್ ಹೊಟ್ಟು ತೆಗೆದು ಮೂಸಿ, ಅದು ಕಾರ್ಖಾನೆ ಬಿಟ್ಟು ಎಷ್ಟು ದಿನವಾಯಿತೆಂದು ಹೇಳುತ್ತಿದ್ದರು. ಬಿಯರ್ ತಯಾರಿಸಿದ ಮೇಲೆ ಉಳಿಯುವ ಆ ಬಾರ್ಲಿ ಹೊಟ್ಟು ಹೆಬ್ಬೂರಿನಲ್ಲಿ ಅವರ ಹಸುಗಳಿಗೆ ಮೇವು. ಅದನ್ನು ಅವರು 'ಕುಡುಕ್ರ ಬೂಸ' ಎನ್ನುತ್ತಿದ್ದರು. ಹಾಲು ವಾಸನೆ ಎಂದು ಯಾರಾದರೂ ಕೆಣಕಿದರೆ, "ನಮ್ಮ ಹಸ ತಿಂತವೆ ಕಣಪ್ಪ, ಕುಡಿಯೋನು ನೀನು" ಎಂಬ ಉತ್ತರ ಸಿದ್ಧವಿರುತ್ತಿತ್ತು.

ನಾನು ಆಗ ತುಮಕೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅದೇ ಹೊಟ್ಟನ್ನು ಗಾಳಿಯಾಡದ ಬಾಟಲಿಗಳಲ್ಲಿ ಹುಳಿಸಿ, ಬಸ್ಸಿಗೂ ಇಂಧನವಾಗಬಲ್ಲ ಹೈಡ್ರೋಜನ್ ಅನಿಲ ಪಡೆಯುವುದು ನನ್ನ ಕೆಲಸ. ಹೊಟ್ಟು ಕೆಡದಿರಲೆಂದು ಹಸು ಸಾಕುವವರು ಉಪ್ಪು ಬೆರೆಸಿಡುತ್ತಾರೆ. ಉಪ್ಪು ಹೆಚ್ಚಾದರೆ ನನ್ನ ಬ್ಯಾಕ್ಟೀರಿಯಾ ಕೆಲಸ ಮಾಡುವುದಿಲ್ಲ. ಹಾಗಾಗಿ ಲೋಡ್ ಇಳಿದ ಕೂಡಲೇ, ಉಪ್ಪಿನ ಚೀಲ ಬಿಚ್ಚುವ ಮೊದಲು, ಲಕ್ಕಮ್ಮ ನನಗೆಂದು ಒಂದು ನೀಲಿ ಬಕೆಟ್ ತುಂಬಿ ಮುಚ್ಚಿಡುತ್ತಿದ್ದರು. "ಈ ಗಲೀಜಲ್ಲಿ ಬಸ್ ಓಡಿಸ್ತೀಯಾ? ಓಡ್ಸು ಬುಡು. ಹೆಂಗಸ್ರಿಗೆ ಹೆಂಗೂ ಟಿಕೆಟ್ ಇಲ್ಲ."

ಒಮ್ಮೆ ತಿಂಗಳಿಡೀ ಅನಿಲ ಬರಲಿಲ್ಲ. ನಾನು ಹೆಬ್ಬೂರಿಗೆ ಹೋಗಿ, ಹಾಲಿನ ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರ ಎದುರಲ್ಲೇ, ನನ್ನ ಹೊಟ್ಟಿಗೂ ಉಪ್ಪು ಬೆರೆಸಿದ್ದೀರಿ ಎಂದೆ. ದನಿ ಏರಿಸಲಿಲ್ಲ, ಅದರಿಂದಲೇ ಮಾತು ಇನ್ನಷ್ಟು ನಿಜವೆನಿಸಿರಬೇಕು. ಹಾಗಾದರೆ ಹಾಲಿಗೆ ಏನು ಬೆರೆಸುತ್ತೀಯಕ್ಕ ಎಂದು ಯಾರೋ ನಕ್ಕರು. ಹಾಲಿಗೆ ಹನಿ ನೀರು ಸೇರಿಸದವರೆಂದು ಆ ಸಾಲಿನಲ್ಲಿ ಹೆಸರಾಗಿದ್ದವರು ಲಕ್ಕಮ್ಮ.

"ನಿನ್ನ ಬಕೀಟಿಗೆ ನಾನು ಉಪ್ಪು ಮುಟ್ಟಿಸಿಲ್ಲ ಕಣವ್ವ" ಎಂದಷ್ಟೇ ಹೇಳಿದರು.

ವಾರದ ನಂತರ ಬಾಟಲಿಗಳ ಬಾಯಿಗೆ ಸೋಪಿನ ನೊರೆ ಹಚ್ಚಿ ನೋಡಿದೆ. ನಾನೇ ಜೋಡಿಸಿದ್ದ ರಬ್ಬರ್ ಬಿರಡೆಗಳ ಸುತ್ತ ಗುಳ್ಳೆಗಳೆದ್ದವು. ಅನಿಲ ಹುಟ್ಟುತ್ತಲೇ ಇತ್ತು, ಸೋರಿಹೋಗುತ್ತಿತ್ತು. ಬಿರಡೆ ಬದಲಿಸಿ, ಫ್ರೀಜರಿನಲ್ಲಿ ಉಳಿದಿದ್ದ ಲಕ್ಕಮ್ಮನವರ ಅದೇ ಹೊಟ್ಟು ಹಾಕಿದಾಗ ಲೆಕ್ಕದಷ್ಟು ಅನಿಲ ಸಿಕ್ಕಿತು.

ಕ್ಷಮೆ ಕೇಳಲು ಹೊರಡುವುದಕ್ಕೆ ಎರಡು ತಿಂಗಳು ಹಿಡಿಯಿತು. ಲಕ್ಕಮ್ಮ ಹಾಲು ಕರೆಯುತ್ತಿದ್ದರು.

"ಗ್ಯಾಸ್ ಬಂತಾ?"

"ಬಂತು."

"ಬೇರೆಯೋರ ಬೂಸದಲ್ಲಿ ಅನ್ನು." ಕೆಚ್ಚಲ ಮೇಲೆ ಅವರ ಕೈ ನಿಂತಿತು. "ನಾನೇ ಮರ್ತು ಉಪ್ಪು ಹಾಕ್ಬುಟ್ಟಿದ್ನೇನೋ. ವಯಸ್ಸಾಯ್ತು ನೋಡು."

ಕೊಟ್ಟಿಗೆಯಲ್ಲಿ ನಾವಿಬ್ಬರೇ ಇದ್ದೆವು. ಬಸ್ಸಿನಲ್ಲಿ ಕುಳಿತು ಸಿದ್ಧಮಾಡಿಕೊಂಡು ಬಂದ ಮಾತು ನಾಲಿಗೆಯ ಮೇಲೇ ಇತ್ತು.

"ಇರಲಿ ಬಿಡಿ ಅಜ್ಜಿ" ಎಂದೆ.

ದೀಪಾವಳಿ ಕಳೆದ ಮೇಲೆ ಅವರು ತೀರಿಕೊಂಡರೆಂದು ತಿಳಿದು ಹೋದೆ. ಸೊಸೆ ಕಾಫಿ ಕೊಟ್ಟರು. ಅತ್ತೆ ಕೊನೆಕೊನೆಗೆ ಹೊಟ್ಟಿಗೆ ಉಪ್ಪನ್ನು ತಾವು ಹಾಕುತ್ತಲೇ ಇರಲಿಲ್ಲ, ತನ್ನಿಂದ ಹಾಕಿಸುತ್ತಿದ್ದರು ಎಂದರು. "ನನ್ ಕೈ ನಂಬಂಗಿಲ್ಲ ಕಣೇ ಅನ್ನೋರು."

ಸೊಸೆಗೂ ನಾನು ಹೇಳಲಿಲ್ಲ.