ಸುಂಕ ನೋಡಿ, ಶುಲ್ಕ ನೋಡಿ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚೀಟಕ್ಕ ಎಂದೇ. ಇಪ್ಪತ್ತಾರು ವರ್ಷ ಪದಗಳ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದವಳು. ಮನೆಯ ಅಡುಗೆ ಡಬ್ಬಿಗಳೂ ಅಕ್ಷರಮಾಲೆಯ ಸಾಲಿನಲ್ಲೇ ನಿಂತಿವೆ ಎಂದು ಗಂಡ ಗೇಲಿ ಮಾಡುತ್ತಿದ್ದ. ಅರ್ಥ ಬರೆಯುವುದು ಮಾತ್ರ ಪಂಡಿತರ ಕೆಲಸ. ಆ ಗೋಜಿಗೆ ಅವಳು ಹೋದವಳಲ್ಲ.

ಸಕಾರದ ಸಂಪುಟ ಅಚ್ಚಿಗೆ ಹೋಗುವ ದಿನ ಮಧ್ಯಾಹ್ನ, ಕರಡಿನ ಮೇಲೆ ಕಣ್ಣು ಹಾಯಿಸುತ್ತಿದ್ದವಳಿಗೆ ‘ಸುಂಕ: ಶುಲ್ಕ ನೋಡಿ’ ಎಂಬ ಸಾಲು ಸಿಕ್ಕಿತು. ನೋಡೋಣ ಎಂದು ಎಂಟು ವರ್ಷದ ಹಿಂದಿನ ಶಕಾರದ ಸಂಪುಟ ತೆಗೆದರೆ, ಅಲ್ಲಿ ‘ಶುಲ್ಕ: ಸುಂಕ ನೋಡಿ.’ ಅಂದು ಪುಟದಲ್ಲಿ ಜಾಗ ಸಾಲದೆ ಅರ್ಥವನ್ನು ಮುಂದಿನ ಸಂಪುಟಕ್ಕೆ ದೂಡಿದವಳು ಅವಳೇ. ಪಂಡಿತರಿಗೆ ಹೇಳಬೇಕು ಎಂದುಕೊಂಡು ಮರೆತವಳೂ ಅವಳೇ. ಇನ್ನು ಪಾಪದ ಓದುಗ ಎರಡು ದಪ್ಪ ಸಂಪುಟಗಳ ನಡುವೆ ಜನ್ಮವಿಡೀ ಓಡಾಡಬೇಕು!

ಮುಂದಿನ ತಿಂಗಳು ನಿವೃತ್ತಿ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳ ಜಾಯಮಾನ ಅದಲ್ಲ. ಎರಡೂ ಪುಟ ಹಿಡಿದು ಸಂಪಾದಕರ ಕೋಣೆಗೆ ಹೋದಳು.

“ಸಾರ್, ನನ್ನಿಂದ ತಪ್ಪಾಗಿದೆ.”

ಅವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಗದರುತ್ತಾರೆಂದು ಕಾದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಓದೋರನ್ನ ಗಾಣಕ್ಕೆ ಕಟ್ಟಿಬಿಟ್ರಲ್ಲಮ್ಮ!” ಆಮೇಲೆ ಗಡಿಯಾರ ನೋಡಿದರು. “ಅಚ್ಚಿನವರು ಐದಕ್ಕೆ ಬರ್ತಾರೆ. ಪಂಡಿತರು ಊರಲ್ಲಿಲ್ಲ. ಚೀಟಿ ಎಲ್ಲಾ ನಿಮ್ಮ ಹತ್ರಾನೇ ಇದೆ, ನೀವೇ ಬರೀರಿ. ಐದೇ ಸಾಲು.”

“ನಾನಾ?”

“ಮತ್ತಿನ್ಯಾರು?”

ಚೀಟಿಗಳನ್ನು ಹರಡಿಕೊಂಡು ಕೂತಳು. ಸಂಸ್ಕೃತದ ಶುಲ್ಕವೇ ಜನರ ಬಾಯಲ್ಲಿ ಸವೆದು ಸುಂಕವಾದದ್ದು. ಹಳೆಯ ಶಾಸನಗಳಲ್ಲಿ ಅದು ಸಾಗುವ ಸರಕಿನ ಮೇಲಿನ ತೆರಿಗೆ; ದೊಡ್ಡ ಸುಂಕ ಹೆಜ್ಜುಂಕ, ವಸೂಲಿಯವನು ಸುಂಕಿಗ. ಶುಲ್ಕಕ್ಕೆ ವಧುವಿಗಾಗಿ ತೆರುವ ಹಣವೆಂಬ ಅರ್ಥವೂ ಇತ್ತು. ಈಗ ಅದು ಶಾಲೆ, ಪರೀಕ್ಷೆಗಳ ಪಾಲು. ಇಷ್ಟನ್ನು ಐದು ಸಾಲಿಗೆ ಹಿಡಿಸುವಷ್ಟರಲ್ಲಿ ಏಳು ಹಾಳೆ ಹರಿದಳು. ತಡಮಾಡುತ್ತಾರೆಂದು ಪಂಡಿತರ ಮೇಲೆ ಇಷ್ಟು ವರ್ಷ ಗೊಣಗಿದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ಆದರೂ ಎಂಟನೆಯ ಹಾಳೆಯನ್ನು ಓದಿಕೊಂಡಾಗ ಅವಳಿಗೆ ಬಹಳ ಖುಷಿಯಾಯಿತು.

ಸಂಪಾದಕರು ಎರಡು ಸಲ ಓದಿ, ಒಂದು ಅಲ್ಪವಿರಾಮ ಮಾತ್ರ ತೆಗೆದರು. “ಸಹಿ ಹಾಕಿ.”

ಚೀಟಕ್ಕ ರೂಢಿಯಂತೆ ‘ಪರಿಶೀಲಿಸಿದವರು’ ಎಂಬಲ್ಲಿಗೆ ಪೆನ್ನು ಒಯ್ದಳು.

“ಅಲ್ಲಲ್ಲ, ಮೇಲೆ, ‘ಬರೆದವರು’ ಅಂತಿದೆಯಲ್ಲ, ಅಲ್ಲಿ,” ಎಂದರು ಅವರು, ತಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತಾ. “ಕೆಳಗೆ ಇವತ್ತು ನಾನು ಹಾಕ್ತೀನಿ.”