ಕಸ್ತೂರಕ್ಕನ ಬಾಳೆ ಮೀನು

ಮೊನ್ನೆ ಮುಂಜಾನೆ ನನ್ನ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಹೆಂಡತಿ ಸೂಜಿ ಹಿಡಿದು ಕಿಟಕಿಯ ಬೆಳಕಿಗೆ ಕೂತಳು. ಚಾಳೀಸು ಬಂದು ಹತ್ತು ವರ್ಷವಾದರೂ ಕನ್ನಡಕ ಹಾಕಿಕೊಳ್ಳುವುದೆಂದರೆ ಅವಳಿಗೆ ಅವಮಾನ. ನಾಲ್ಕು ಸಲ ದಾರವನ್ನು ಬಾಯಲ್ಲಿ ನೆನೆಸಿದಳು. ನಾಲ್ಕು ಸಲವೂ ಅದು ಸೂಜಿಯ ಕಣ್ಣಿನ ಪಕ್ಕದಿಂದಲೇ ಹಾದುಹೋಯಿತು. "ನೀವರೆ ಪೋಣಿಸಿ ಕೊಡ್ರಿ" ಎಂದು ನನ್ನ ಕೈಗೆ ಕೊಟ್ಟಳು. ನಾನೂ ಎರಡು ಸಲ ಸೋತೆ. "ಅದು ಹರದ ತುದಿ ಐತ್ರಿ, ಎಳಿ ಬಿಚ್ಚಿ ನಿಂತೈತಿ. ಕತ್ತರೀಲೆ ಕತ್ತರಿಸಿ ನೋಡ್ರಿ, ಸುಮ್ನ ಹೋಗ್ತೈತಿ" ಎಂದಳು. ಕತ್ತರಿಸಿದೆ, ಹೋಯಿತು. ಗುಂಡಿ ಕೂತಿತು, ನಾನು ಶಾಲೆಗೆ ಹೋದೆ. ಆದರೆ ಇಡೀ ದಿನ ನನ್ನ ಮನಸ್ಸು ತಂಗಡಗಿಯ ಹೊಳೆಯ ದಂಡೆಯಲ್ಲಿತ್ತು. ಅದಕ್ಕೆ ಕಾರಣ ನನ್ನ ಅಕ್ಕ. ನನ್ನ ಜೀವಮಾನದ ಅರ್ಧ ಸಿಟ್ಟಿಗೆ ಅವಳೇ ಕಾರಣ.

ಕಸ್ತೂರಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮ ಮುದ್ದೇಬಿಹಾಳದ ಬಜಾರಿನಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಕುಪ್ಪಸ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲವೆಂದು ತಾಳಿಕೋಟೆಯಿಂದಲೂ ಹೆಣ್ಣುಮಕ್ಕಳು ಬಸ್ಸು ಹತ್ತಿ ಬರುತ್ತಾರೆ. ಹಾಗೆ ಬಂದವರಿಗೆ ಅವಳು ಹೇಳಿದ ದಿನ ಕುಪ್ಪಸ ಸಿಕ್ಕದ್ದನ್ನು ನಾನಂತೂ ಕಂಡಿಲ್ಲ. "ಮಂಗಳವಾರ ಬಾ" ಎಂದರೆ ಯಾವ ವಾರದ ಮಂಗಳವಾರ ಎಂದು ಕೇಳಿಕೊಳ್ಳಬೇಕು. ನಾನೋ ಹೈಸ್ಕೂಲು ಮಾಸ್ತರ. ಇಪ್ಪತ್ತು ವರ್ಷದಿಂದ ಶಾಲೆಯ ವೇಳಾಪಟ್ಟಿ ಬರೆಯುವವನು. ಜವಾನ ಎರಡು ನಿಮಿಷ ತಡಮಾಡಿ ಗಂಟೆ ಹೊಡೆದರೆ ಕೈಗಡಿಯಾರ ಹಿಡಿದು ಅವನೆದುರು ಹೋಗಿ ನಿಲ್ಲುತ್ತೇನೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಇಂಥ ಇಬ್ಬರು ಹೇಗೆ ಹುಟ್ಟಿದೆವೋ, ನೀವೇ ಹೇಳಿ.

ಅವಳಿಗೆ ಗಾಳದ ಹುಚ್ಚು ಹತ್ತಿಸಿದವರು ಒಬ್ಬ ಎಂಜಿನಿಯರರು. ಕಾಲುವೆ ಕೆಲಸಕ್ಕೆಂದು ಮೈಸೂರು ಕಡೆಯಿಂದ ಬಂದಿದ್ದ ಆ ಮನುಷ್ಯ ತಮ್ಮ ಗಾಳದ ಕೋಲಿಗೆ ಬಟ್ಟೆಯ ಚೀಲ ಹೊಲಿಸಲು ಅದನ್ನು ಅಕ್ಕನ ಅಂಗಡಿಯಲ್ಲಿ ಬಿಟ್ಟು ಹೋದರು. ಅವರಿಗೂ ಮಂಗಳವಾರವೇ ಸಿಕ್ಕಿತು. ನಾಲ್ಕನೆಯ ಮಂಗಳವಾರದ ಹೊತ್ತಿಗೆ ಅವರಿಗೆ ವರ್ಗವಾಗಿತ್ತು. ಅಕ್ಕ ಫೋನು ಮಾಡಿದಾಗ, "ಇಟ್ಕೊಳ್ಳಿ ಅಕ್ಕ, ನನ್ನ ಹತ್ರ ಇನ್ನೂ ಎರಡಿವೆ" ಎಂದು ನಕ್ಕುಬಿಟ್ಟರಂತೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಇವಳು ಅದರ ರೀಲು ಬಿಚ್ಚಿ ನೋಡಿದಳು.

ಆ ಕೋಲನ್ನು ನೀವು ನೋಡಬೇಕು. ಹಿಡಿಯ ಹತ್ತಿರ ಪೆನ್ಸಿಲ್ಲಿನಷ್ಟು ದಪ್ಪ, ತುದಿಯಲ್ಲಿ ಪೊರಕೆಯ ಕಡ್ಡಿ. ಅಂಗೈಯಲ್ಲಿ ಕೂರುವಷ್ಟು ಸಣ್ಣ ರೀಲು. ದಾರವೋ ತಲೆಗೂದಲು; ಬಿಸಿಲಿಗೆ ಹಿಡಿದರೆ ಇದೆಯೋ ಇಲ್ಲವೋ ತಿಳಿಯದು. ಅದರ ತುದಿಗೆ ಉಗುರಿನಷ್ಟು ತಗಡಿನ ಹೊಳೆಯುವ ಮೀನು, ಅದಕ್ಕೊಂದು ಪುಟ್ಟ ಕೊಕ್ಕೆ. ಇದನ್ನು ಹಿಡಿದು ಅಕ್ಕ ದೊಡ್ಡ ಮೀನುಗಳನ್ನು ಹಿಡಿಯುತ್ತೇನೆಂದಾಗ ನಾನು ನಕ್ಕೆ. "ಬಂಡಿ ಎತ್ತಿಗೆ ಹೊಲಿಗಿ ದಾರಾ ಕಟ್ಟಿದಂಗ ಐತಿ" ಎಂದೆ.

"ರೀಲಿನ ಮುಂದ ಈ ತಿರುಪ ನೋಡು. ದಾರಾ ಬಿಗಿ-ಸಡ್ಲ ಮಾಡೂದು, ಥೇಟ ನಮ್ಮ ಮಷೀನಿನ ತಿರುಪಿನಂಗ ಐತಿ" ಎಂದಳು ಅವಳು. "ದಾರಾ ಜಗ್ಗಿದ್ರ ಹರಿಯೂದಿಲ್ಲ ತಮ್ಮಾ. ಜಗ್ಗುವಾಗ ಬಿಡದಿದ್ರ ಹರೀತೈತಿ."

ನಮ್ಮದು ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ. ಅವಳು ಹಿಡಿದದ್ದನ್ನು ತಿನ್ನುವುದಿಲ್ಲ, ಮಾರುವುದಿಲ್ಲ. ದಂಡೆಯಲ್ಲಿ ಕೂತು, ಒದ್ದೆ ಕೈಯಲ್ಲಿ ಮೀನಿನ ತಲೆ ಹಿಡಿದು, ಕುಪ್ಪಸದ ಹುಕ್ಕು ಬಿಡಿಸುವಷ್ಟು ನಯವಾಗಿ ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟುಬಿಡುತ್ತಾಳೆ. "ತಿನ್ನಾಕಲ್ಲ, ಮಾರಾಕಲ್ಲ, ಮತ್ಯಾಕ ಹಿಡೀತಿ?" ಎಂದು ಒಮ್ಮೆ ತಲೆಕೆಟ್ಟು ಕೇಳಿದೆ. "ನೀ ಇಸ್ಪೀಟ ಆಡ್ತಿ. ರಾಜಾ-ರಾಣಿನ್ನ ಮನಿಗೆ ತಂದು ಸಾರ ಮಾಡ್ತಿ ಏನ?" ಎಂದಳು. ಇಂಥವಳ ಜೊತೆ ಏನು ವಾದ ಮಾಡುತ್ತೀರಿ?

ಇಷ್ಟೇ ಆಗಿದ್ದರೆ ಅವಳ ಹುಚ್ಚು ಅವಳಿಗಿತ್ತು. ಆದರೆ ಹೆಣ್ಣುಮಗಳು ಒಬ್ಬಳೇ ಹೊಳೆ ದಂಡೆಯಲ್ಲಿ ಕೂತರೆ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆಂದು ಮನೆಯಲ್ಲಿ ತಕರಾರು ಬಂತು. ಅವಳ ಗಂಡ, ನಮ್ಮ ಮಾಮಾ, "ನನಗ ನೀರ ಕಂಡ್ರ ತಲಿ ತಿರಗತೈತಿ" ಎಂದು ಕೈ ತೊಳೆದುಕೊಂಡರು. ಉಳಿದವನು ನಾನು. ಐತವಾರವೊಂದೇ ನನಗೆ ರಜೆ. ಪ್ರತಿ ಐತವಾರ ನಸುಕಿನಲ್ಲಿ ಮೋಟಾರ್ ಸೈಕಲ್ಲಿನ ಹಿಂದೆ ಅಕ್ಕನನ್ನು ಕೂರಿಸಿಕೊಂಡು ತಂಗಡಗಿಗೆ ಅರ್ಧ ತಾಸಿನ ದಾರಿ ಹೊಡೆದೆ. ಹೊಳೆ ದಂಡೆಯ ಗುಡಿಯ ಆಚೆ, ಅಣೆಕಟ್ಟಿನ ಹಿನ್ನೀರು ಬಂದು ನಿಲ್ಲುವಲ್ಲಿ, ಅವಳೊಂದು ಕಲ್ಲು, ನಾನೊಂದು ಕಲ್ಲು. ಅವಳು ನೀರು ನೋಡುವುದು, ನಾನು ಕೈಗಡಿಯಾರ ನೋಡುವುದು. "ಇನ್ನ ಹತ್ತ ಮಿನಿಟ" ಎನ್ನುವುದು ಅವಳ ಮಂತ್ರ. ಆ ಹತ್ತು ನಿಮಿಷಗಳನ್ನೆಲ್ಲ ಕೂಡಿಸಿದ್ದರೆ ನಾನು ಇನ್ನೊಂದು ಡಿಗ್ರಿ ಮುಗಿಸುತ್ತಿದ್ದೆ.

ಈಗ ಏಳು ವರ್ಷದ ಹಿಂದಿನ ಆ ಐತವಾರಕ್ಕೆ ಬರುತ್ತೇನೆ. ಅಂದು ನನ್ನ ಮಗಳ ನಿಶ್ಚಯ. ಇಂಡಿ ಪಟ್ಟಣದಿಂದ ಬೀಗರು ಹನ್ನೊಂದಕ್ಕೆ ಬರುವವರಿದ್ದರು. ಸೋದರತ್ತೆ ಇಲ್ಲದೆ ಉಡಿ ತುಂಬುವಂತಿಲ್ಲ, ಸೋದರತ್ತೆಯೆಂದರೆ ಕಸ್ತೂರಕ್ಕನೇ. ಹಿಂದಿನ ದಿನವೇ ಹೇಳಿದ್ದೆ, ನಾಳೆ ಹೊಳೆ ಇಲ್ಲ ಎಂದು. ಬೆಳಗಿನ ಐದೂವರೆಗೆ ನಮ್ಮ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಕೋಲಿನ ಚೀಲ. "ಮಳಿ ಬಂದು ಹೊಸಾ ನೀರ ಬಂದೈತಿ. ಒಂದ ತಾಸು ನೋಡಿ ಬರೂಣು. ಎಂಟಕ್ಕ ಮನ್ಯಾಗ ಇರ್ತೀವಿ." ನನ್ನ ಹೆಂಡತಿ ಹಣೆ ಬಡಿದುಕೊಂಡಳು. ನಾನು ಯಾಕೆ ಹೋದೆ ಎಂದು ಕೇಳಬೇಡಿ. ಅಕ್ಕ ಬಾಗಿಲಲ್ಲಿ ನಿಂತರೆ ನನ್ನ ವೇಳಾಪಟ್ಟಿ ಯಾವತ್ತೂ ನಿಂತದ್ದಿಲ್ಲ.

ಆರೂ ಮುಕ್ಕಾಲಿಗೆ ಮೀನೊಂದು ಗಾಳ ಕಚ್ಚಿತು. ಕೋಲು ಬಿಲ್ಲಿನಂತೆ ಬಾಗಿತು, ರೀಲು ಕಿರ್ರೆಂದಿತು, ದಾರ ನಡುಹೊಳೆಗೆ ಓಡತೊಡಗಿತು. ಅಕ್ಕ ತಡೆಯಲಿಲ್ಲ. ಅದು ಓಡಿದಷ್ಟು ಬಿಟ್ಟಳು. ಅದು ನಿಂತಾಗ ಮೆಲ್ಲಗೆ ಸುತ್ತಿದಳು. ಮತ್ತೆ ಓಡಿತು, ಮತ್ತೆ ಬಿಟ್ಟಳು. ಎಂಟಾಯಿತು. ಮೀನು ಯಾವುದೆಂದು ಇನ್ನೂ ಕಂಡಿರಲಿಲ್ಲ. ಬಲೆ ಎತ್ತಲು ಬಂದಿದ್ದ ಅಂಬಿಗರ ನಾಗಪ್ಪ ತೆಪ್ಪ ನಿಲ್ಲಿಸಿ ಕೂಗಿದ.

"ಅಕ್ಕಾರ, ಬಲಿ ಹಾಕಲೇನ್ರಿ? ಒಂದ ಮಿನಿಟಿನ ಕೆಲಸ ಐತ್ರಿ."

"ಬ್ಯಾಡೋ ನಾಗಪ್ಪ, ದಾರಕ್ಕ ಬಲಿ ತಾಗಿದ್ರ ಮುಗೀತು. ನಿನ್ನ ಪಾಡಿಗೆ ನೀ ಹೋಗು."

"ಹಾಕಲಿ ಬಿಡಬೇ ಅಕ್ಕಾ!" ಎಂದು ನಾನು ಚೀರಿದೆ. ಅವಳು ತಿರುಗಿಯೂ ನೋಡಲಿಲ್ಲ.

ಎಂಟೂವರೆಗೆ ಮೊದಲ ಫೋನು. "ಎಲ್ಲಿದ್ದೀರಿ? ಮಂಟಪ ಕಟ್ಟೂವರು ಬಂದಾರ, ಕುರ್ಚಿ ಎಲ್ಲಿ ಹಾಕಬೇಕು ಅಂತ ಕೇಳಾಕತ್ತಾರ" ಎಂದಳು ಹೆಂಡತಿ. ಒಂಬತ್ತಕ್ಕೆ ಎರಡನೆಯದು. ಅದರಲ್ಲಿ ಮಾತಿರಲಿಲ್ಲ, ಬರೀ ಉಸಿರು. ಅಷ್ಟರಲ್ಲಿ ಮೀನು ಒಮ್ಮೆ ಮೇಲೆದ್ದಿತು. ಬಾಳೆ ಮೀನು. ಹುರುಪೆಯಿಲ್ಲದ ಬೆಳ್ಳಿ ಮೈ, ಅಗಲ ಬಾಯಿ, ಉದ್ದ ಮೀಸೆ. ಅಕ್ಕನ ಹೊಲಿಗೆ ಮಷೀನಿನ ಮೇಜಿನಷ್ಟು ಉದ್ದವಿತ್ತು, ದೇವರಾಣೆ. ಇಂಥದ್ದಕ್ಕೆ ನಾಗಪ್ಪನ ಕಡೆಯವರು ಹಗ್ಗದಂಥ ದಾರ ಕಟ್ಟುತ್ತಾರೆ. ಇವಳು ಅದನ್ನು ಕೂದಲೆಳೆಯಲ್ಲಿ ಎರಡು ತಾಸಿನ ಮೇಲೆ ಹಿಡಿದಿದ್ದಳು. ನನಗೆ ಅದ್ಭುತ ಅನಿಸಬೇಕಿತ್ತು. ಅನಿಸಿದ್ದು ಒಂದೇ: ಇದು ಇನ್ನೂ ಎರಡು ತಾಸು ತಿನ್ನುತ್ತದೆ.

"ಇನ್ನ ಹತ್ತ ಮಿನಿಟ" ಎಂದಳು. ಅವಳ ಮುಖ ಕೆಂಪಾಗಿತ್ತು. "ತಮ್ಮಾ, ಕೈ ಹಿಡಕೊಂಡೈತಿ. ಇದನ್ನ ಒಂದೀಟ ಹಿಡಿ. ಜಗ್ಗಬ್ಯಾಡ, ಹೋದ್ರ ಬಿಡು. ಕೈ ನೀರಾಗಿಟ್ಟ ಬರ್ತೇನಿ."

ಅಷ್ಟು ಐತವಾರಗಳಲ್ಲಿ ಅವಳು ಆ ಕೋಲನ್ನು ನನ್ನ ಕೈಗೆ ಕೊಟ್ಟದ್ದು ಅದೇ ಮೊದಲು. ಕೊಟ್ಟು, ನನಗೆ ಬೆನ್ನು ಮಾಡಿ, ಕೆಳಗಿಳಿದು ನೀರಿನ ಅಂಚಿಗೆ ಕೂತಳು. ಕೋಲಿನೊಳಗಿಂದ ಆ ಮೀನಿನ ಜೀವ ನನ್ನ ಮೊಣಕೈಯವರೆಗೆ ಬಂದು ಮಿಡಿಯುತ್ತಿತ್ತು. ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವಳ ಚೀಲ ಪಕ್ಕದ ಕಲ್ಲಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಮೇಲೆಯೇ ಅವಳ ಪುಟ್ಟ ಕತ್ತರಿ.

ನಾನು ದಾರ ಕತ್ತರಿಸಿದೆ.

ಸದ್ದೇ ಆಗಲಿಲ್ಲ. ಕೋಲು ನೆಟ್ಟಗಾಯಿತು, ಅಷ್ಟೆ. ಕತ್ತರಿಯನ್ನು ಚೀಲದೊಳಗೆ ತಳ್ಳಿ, "ಅಕ್ಕಾ, ಹರೀತಲ್ಲಬೇ!" ಎಂದು ಕೂಗಿದೆ. ನನ್ನ ದನಿಯಲ್ಲಿ ದುಃಖವೂ ಇತ್ತು. ಇಪ್ಪತ್ತು ವರ್ಷ ಮಕ್ಕಳ ಸುಳ್ಳು ಹಿಡಿದವನಿಗೆ ಸುಳ್ಳು ಹೇಳಲು ಯಾರೂ ಕಲಿಸಬೇಕಾಗಿಲ್ಲ.

ಅವಳು ಎದ್ದು ಬಂದಳು. ಕೋಲು ತೆಗೆದುಕೊಂಡಳು. ರೀಲಿನ ಹತ್ತಿರ ಗಾಳಿಗೆ ಅಲ್ಲಾಡುತ್ತಿದ್ದ ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ಜಗ್ಗಿ ಹರಿದ ದಾರದ ತುದಿ ಸಣ್ಣಗಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಕತ್ತರಿಸಿದ ತುದಿ ನೆಟ್ಟಗೆ ನಿಲ್ಲುತ್ತದೆ. ನನಗೆ ಇದು ಆಮೇಲೆ ತಿಳಿಯಿತು. ನಲವತ್ತು ವರ್ಷ ದಾರದ ಜೊತೆ ಬದುಕಿದವಳಿಗೆ ಯಾರು ತಿಳಿಸಬೇಕಿತ್ತು? ತುದಿಯನ್ನು ನೋಡಿದಳು, ಆಮೇಲೆ ಹೊಳೆಯನ್ನು ನೋಡಿದಳು. "ಕೊಕ್ಕಿ ಬಾಯಾಗ ಇಟಗೊಂಡ ಹೋತು" ಎಂದಳು. ಎಲ್ಲ ಮಡಚಿ ಚೀಲಕ್ಕೆ ಹಾಕಿ, "ನಡಿ, ಹೊತ್ತಾತು" ಎಂದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೊಂದೇ ಸಲ.

ಹತ್ತಕ್ಕೆ ಮೊದಲೇ ಮನೆ ಮುಟ್ಟಿದೆವು. ಹನ್ನೊಂದಾಯಿತು, ಹನ್ನೆರಡಾಯಿತು, ಬೀಗರ ಸುಳಿವಿಲ್ಲ. ಬಸವನ ಬಾಗೇವಾಡಿಯ ಹತ್ತಿರ ಅವರ ಗಾಡಿಯ ಟಾಯರು ಒಡೆದಿತ್ತು. ಬದಲಿಗೆ ಇಟ್ಟುಕೊಂಡದ್ದರಲ್ಲೂ ಗಾಳಿ ಇರಲಿಲ್ಲ. ಅವರು ಬಂದದ್ದು ಒಂದೂವರೆಗೆ. ಕುರ್ಚಿಗಳ ನಡುವೆ ನಿಂತು ನಾನು ಲೆಕ್ಕ ಹಾಕಿದೆ: ನಾಲ್ಕು ತಾಸು! ನಾಲ್ಕು ತಾಸಿನಲ್ಲಿ ಅವಳು ಆ ಮೀನನ್ನು ದಂಡೆಗೆ ತಂದು, ಕೊಕ್ಕೆ ಬಿಡಿಸಿ, ಅದಕ್ಕೊಂದು ಕುಪ್ಪಸವನ್ನೂ ಹೊಲಿದು ಕಳಿಸಬಹುದಿತ್ತು. ಆ ಟಾಯರಿನ ಮೇಲೆ, ಬೀಗರ ಮೇಲೆ, ಅಕ್ಕನ ಮೇಲೆ ಸಿಟ್ಟು ಬಂತು. ಒಬ್ಬನನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದೆ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ನಗುನಗುತ್ತ ನನ್ನ ಮಗಳ ಉಡಿ ತುಂಬಿದಳು. ಬೀಗಿತ್ತಿಯ ಜೊತೆ ಚೇಷ್ಟೆ ಮಾಡಿದಳು. ನನ್ನ ತಾಟಿಗೆ ತಾನೇ ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ಆ ಹೋಳಿಗೆ ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು.

ಮುಂದಿನ ಐತವಾರ ಅವಳು ನಮ್ಮ ಬಾಗಿಲಿಗೆ ಬರಲಿಲ್ಲ. ಅದರ ಮುಂದಿನ ಐತವಾರವೂ ಇಲ್ಲ. ಹೊಳೆ ಬಿಟ್ಟಿರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು, ನೀರು ಕಂಡರೆ ತಲೆ ತಿರುಗುವ ಮಾಮಾ ಅವಳನ್ನು ಕರೆದೊಯ್ಯುತ್ತಿದ್ದಾರೆ. ಹೊಳೆಗೆ ಬೆನ್ನು ಮಾಡಿ ಕೂತು ಪೇಪರು ಓದುತ್ತಾರೆ. ನನಗೆ ಐತವಾರಗಳು ವಾಪಸು ಸಿಕ್ಕವು. ಮುಂಜಾನೆ ಎಂಟರವರೆಗೆ ಮಲಗಬಹುದಿತ್ತು. ಹಾಳಾದ್ದು, ಐದಕ್ಕೇ ಎಚ್ಚರಾಗುತ್ತಿತ್ತು. ಎಚ್ಚರಾದಾಗ ಕಣ್ಣ ಮುಂದೆ ಬರುತ್ತಿದ್ದುದು ಆ ಮೀನು: ಬಾಯಲ್ಲಿ ಕೊಕ್ಕೆ, ಹಿಂದೆ ಐವತ್ತು ಮಾರು ದಾರ ಎಳೆದುಕೊಂಡು, ಕೆಸರಲ್ಲಿ ಎಲ್ಲೋ ಸಿಕ್ಕಿಕೊಂಡು. ಅಕ್ಕ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಬೈಯದ ಮನುಷ್ಯರ ಜೊತೆ ಹೇಗೆ ಬಾಳುವುದು?

ಹೀಗಾಗಿ ಮೊನ್ನೆ ಗುಂಡಿ ಹಚ್ಚಿದ ಅಂಗಿ ತೊಟ್ಟು, ಸಂಜೆ ಶಾಲೆ ಬಿಟ್ಟ ಮೇಲೆ ನೆಟ್ಟಗೆ ಅವಳ ಅಂಗಡಿಗೆ ಹೋದೆ. ಅವಳು ಮಷೀನು ತುಳಿಯುತ್ತಿದ್ದಳು. ಗಿರಾಕಿಗಳಿರಲಿಲ್ಲ. ನಿಂತುಕೊಂಡೇ ಹೇಳಿದೆ. "ಅಕ್ಕಾ, ಅವತ್ತ ದಾರಾ ಹರಿಲಿಲ್ಲ. ನಾನ ಕತ್ತರಿಸಿದ್ದೆ."

ಮಷೀನು ನಿಲ್ಲಲಿಲ್ಲ. "ಗೊತ್ತೈತಿ" ಎಂದಳು.

"ಆ ಮೀನ ದಾರಾ ಎಳಕೊಂಡ ಎಲ್ಲಿ ಸತ್ತಿತೋ ಅಂತ ಏಳ ವರ್ಷದಿಂದ ನನಗ ನಿದ್ದಿ ಇಲ್ಲ."

ಈಗ ನಿಲ್ಲಿಸಿದಳು. ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದಳು. "ಸತ್ತಿಲ್ಲೋ. ಮರದಿನಾನ ನಾಗಪ್ಪನ ತೆಪ್ಪದಾಗ ಹೋಗಿ ಹುಡಕಿದೆ. ಮುಳಗಿದ ಜಾಲಿ ಗಿಡಕ್ಕ ದಾರಾ ಸುತಗೊಂಡಿತ್ತು. ತುದೀಗೆ ಕೊಕ್ಕಿ ನೆಟ್ಟಗ ಆಗಿ ನಿಂತಿತ್ತು. ಬಿಡಿಸಿಕೊಂಡ ಹೋಗೈತಿ ಅದು."

ಎದುರಿನ ಸ್ಟೂಲನ್ನು ಎಳೆದು ಕೂತೆ. ಹಿಂದೆಯೇ ಸಿಟ್ಟೂ ನೆತ್ತಿಗೇರಿತು. "ಏಳ ವರ್ಷ ಅಕ್ಕಾ! ಗೊತ್ತಿದ್ದೂ ನನಗ ಒಂದ ಮಾತ ಹೇಳಬಾರದಾಗಿತ್ತೇನ?"

"ನೀ ನನಗ ಹೇಳಿದ್ದಿ ಏನ?" ಎಂದಳು.

ಹೊರಗೆ ಬಸ್ಸೊಂದು ಹಾರ್ನು ಬಾರಿಸುತ್ತಲೇ ಇತ್ತು. ಅವಳು ಹೊಲಿದ ತೋಳನ್ನು ತಿರುವಿ, ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. "ನಿಮ್ಮ ಮಾಮಾಗ ಮೊಣಕಾಲ ನೋವ ಜಾಸ್ತಿ ಆಗೈತಿ. ಇನ್ನ ಅವರ ಕೈಲೆ ಆಗೂದಿಲ್ಲ. ಐತವಾರ ಬರ್ತಿ ಏನ?"

ಎಷ್ಟು ಗಂಟೆಗೆ, ವಾಪಸು ಯಾವಾಗ ಎಂಬೆರಡು ಪ್ರಶ್ನೆಗಳೂ ನನ್ನ ನಾಲಗೆಯ ತುದಿಗೆ ಬಂದು ನಿಂತವು. ಎರಡನ್ನೂ ನುಂಗಿದೆ.

"ಬರ್ತೇನಿ" ಎಂದೆ.